ಅತ್ತೆಯ ಜೊತೆ ಓಟಿಗೆ ಹೋದದ್ದು

ಯಾವ ಕಾಗದ ನನ್ನ ಕೈಗೆ ಸಿಕ್ಕಿದರೂ ಸರಿ, ಕರೆಂಟ್ ಬಿಲ್ಲಾಗಲಿ, ಮದುವೆ ಕಾಗದವಾಗಲಿ, ಮೊದಲು ಉದ್ದಕ್ಕೆ ಮಡಿಚುತ್ತೇನೆ, ಆಮೇಲೆ ಅಡ್ಡಕ್ಕೆ. ಬೇಕೂಂತ ಮಾಡುವುದಲ್ಲ, ಕೈ ತಾನಾಗಿ ಮಾಡಿಬಿಡುತ್ತದೆ. ಮೊನ್ನೆ ಕೋಲಾರದಲ್ಲಿ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಹಿರಿಯರೊಬ್ಬರಿಗೆ ಅವರ ಶುಗರ್ ರಿಪೋರ್ಟನ್ನು ಹೀಗೇ ಮಡಿಚಿ ಬೆರಳುದ್ದ ಮಾಡಿ ಕೊಟ್ಟೆ. ಅವರು ಅದನ್ನು ಬಿಚ್ಚದೆ ನನ್ನ ಮುಖವನ್ನೇ ನೋಡಿದರು. "ಯಾಕಮ್ಮ, ಬಾಯಲ್ಲಿ ಹೇಳೋಕಾಗದ್ದು ಏನಾದ್ರೂ ಐತಾ ಇದರಲ್ಲಿ?" ಅಂದರು. ಶುಗರ್ ನಾರ್ಮಲ್ ಇತ್ತು. ಅದನ್ನು ಅವರಿಗೆ ನಂಬಿಸುವಷ್ಟರಲ್ಲಿ ನನ್ನ ಬಿ.ಪಿ. ಏರಿತ್ತು.

ಇದು ಓಟಿನಿಂದ ಅಂಟಿಕೊಂಡ ಚಾಳಿ. ನಗಬೇಡಿ. ದೊಡ್ಡ ಎಲೆಕ್ಷನ್ನುಗಳಲ್ಲಿ ಗುಂಡಿ ಒತ್ತಿ, ಪೀಂ ಅನ್ನಿಸಿ, ಆರಾಮಾಗಿ ಮನೆಗೆ ಬರಬಹುದು. ನಮ್ಮ ಗ್ರಾಮ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಇನ್ನೂ ಕಾಗದದ ಓಟು. ಚೀಟಿ ಕೊಡುತ್ತಾರೆ, ಮರೆಗೆ ಹೋಗಿ ಬೇಕಾದ ಚಿಹ್ನೆಯ ಮೇಲೆ ರಬ್ಬರ್ ಸೀಲು ಒತ್ತಬೇಕು, ಮಡಿಚಿ ಡಬ್ಬಿಗೆ ಹಾಕಬೇಕು. ಮಡಿಚುವಾಗ ಮೊದಲು ಉದ್ದಕ್ಕೇ ಮಡಿಚಬೇಕು. ಚಿಹ್ನೆಗಳು ಒಂದರ ಕೆಳಗೊಂದು ಇರುತ್ತವಲ್ಲ, ಅಡ್ಡಕ್ಕೆ ಮಡಿಚಿದರೆ ಒಬ್ಬರ ಮೇಲೆ ಒತ್ತಿದ ಹಸಿ ಮಸಿ ಇನ್ನೊಬ್ಬರ ಚಿಹ್ನೆಗೂ ಹತ್ತಿಬಿಡುತ್ತದೆ. ಹಾಗೆ ಹತ್ತಿದರೂ ಓಟೇನೂ ಕೆಡುವುದಿಲ್ಲವಂತೆ, ಯಾವುದು ಒತ್ತಿದ್ದು ಯಾವುದು ಹತ್ತಿದ್ದು ಅಂತ ಎಣಿಸುವವರಿಗೆ ಗೊತ್ತಾಗುತ್ತದಂತೆ. ಈ 'ಅಂತೆ'ಗಳನ್ನು ನಂಬಿ ನಿದ್ದೆ ಮಾಡುವ ಜಾತಿಯವಳು ನಾನಲ್ಲ.

ನಾನು ಹುಟ್ಟಾ ಪುಕ್ಕಲಿ. ಗ್ಯಾಸ್ ಆಫ್ ಮಾಡಿ ಬೀಗ ಹಾಕಿ ಬಸ್ ಸ್ಟಾಪಿಗೆ ಬಂದ ಮೇಲೆ ಮತ್ತೆ ಮನೆಗೆ ಹೋಗಿ ಗ್ಯಾಸಿನ ವಾಸನೆ ನೋಡಿ ಬರುತ್ತೇನೆ. ಆ ಹೊತ್ತಿಗೆ ಬಸ್ಸು ಹೋಗಿರುತ್ತದೆ. ರಕ್ತದ ಟ್ಯೂಬಿಗೆ ಹೆಸರು ಬರೆದು, ಓದಿ, ರೋಗಿಯ ಬಾಯಲ್ಲೂ ಒಂದು ಸಲ ಹೇಳಿಸಿ, ಆಮೇಲೆ ಇನ್ನೊಂದು ಸಲ ಓದುತ್ತೇನೆ. ನಮ್ಮ ಯಜಮಾನರು ಮಾಲೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದವರು, ಅವರಿಗೆ ದಿಂಬಿಗೆ ತಲೆ ಕೊಟ್ಟರೆ ನಿದ್ದೆ. "ನಿಂಗೆ ಹೆದರೋಕೆ ಕಾರಣ ಬೇಕಾಗಿಲ್ಲ ಕಣೇ, ಪುರುಸೊತ್ತು ಸಿಕ್ರೆ ಸಾಕು" ಅನ್ನುತ್ತಾರೆ.

ಚಿಕ್ಕಂದಿನಲ್ಲಿ ಎಲೆಕ್ಷನ್ ಅಂದರೆ ಹೀಗಿರಲಿಲ್ಲ. ನನ್ನ ತವರು ಮುಳಬಾಗಿಲಿನ ಕಡೆ. ನಮ್ಮ ಸ್ಕೂಲೇ ಓಟಿನ ಬೂತು. ಹಿಂದಿನ ದಿನ ಮಧ್ಯಾಹ್ನವೇ ಬೆಂಚುಗಳನ್ನೆಲ್ಲ ಹೊರಗೆ ಹಾಕಿ ನಮ್ಮನ್ನು ಮನೆಗೆ ಅಟ್ಟುತ್ತಿದ್ದರು. ಓಟು ಮುಗಿದ ಮೇಲೆ ಕ್ಲಾಸಿಗೆ ಹೋದರೆ ನೆಲದ ಮೇಲೆ ಕೆಂಪು ಅರಗಿನ ತುಣುಕುಗಳು, ದಾರದ ಚೂರುಗಳು. ಡಬ್ಬಿಗೆ ಸೀಲು ಮಾಡುವಾಗ ತೊಟ್ಟಿಕ್ಕಿದ ಆ ಅರಗಿಗೆ ನಾವು ಹುಡುಗಿಯರು ಜಗಳ ಕಾಯುತ್ತಿದ್ದೆವು. ಅದನ್ನು ಕರಗಿಸಿ ಬೊಂಬೆಗೆ ಬೊಟ್ಟಿಟ್ಟರೆ ಏಳು ಜನ್ಮಕ್ಕೂ ಅಳಿಸುವುದಿಲ್ಲ ಅಂತ ನಮ್ಮ ನಂಬಿಕೆ. ನಮ್ಮಜ್ಜಿ ಓಟಿಗೆ ಹೋಗುವಾಗ ಟ್ರಂಕಿನಿಂದ ಒಳ್ಳೆ ಸೀರೆ ತೆಗೆದು ಉಡುತ್ತಿದ್ದಳು. ವಾಪಸ್ಸು ಬರುವಾಗ ದಾರಿಯಲ್ಲಿ ಸಿಕ್ಕವರು "ಎವರಿಕಿ ವೇಸ್ತಿವಿ?" ಅಂತ ತೆಲುಗಿನಲ್ಲಿ ಕೇಳಿದರೆ, ಯಾರಿಗೆ ಹಾಕಿದೆ ಅಂತ ಬಾಯಿ ಬಿಡದೆ "ದೇವುಡಿಕಿ" ಅನ್ನುತ್ತಿದ್ದಳು. ದೇವರು ಒಂದು ಸಲವೂ ಗೆದ್ದು ಬರಲಿಲ್ಲ ಅಂತ ನಮ್ಮ ತಾತ ರೇಗಿಸುತ್ತಿದ್ದ.

ನಾನು ಮೊದಲ ಸಲ ಕಾಗದದ ಓಟು ಹಾಕಿದ್ದು ಮದುವೆಯಾಗಿ ಟೇಕಲ್ ಪಕ್ಕದ ಈ ಹಳ್ಳಿಗೆ ಬಂದ ಮೇಲೆ. ಹೊಸ ಸೊಸೆ, ತಲೆ ತುಂಬ ಹೂವು, ಹಿಂದೆ ಊರ ಹೆಂಗಸರ ಸಾಲು. ಮರೆಗೆ ಹೋಗಿ ಸೀಲು ಎತ್ತಿದವಳಿಗೆ ಕೈ ಹಿಡಿತಕ್ಕೇ ಬರಲಿಲ್ಲ. ಒತ್ತಿದ್ದು ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ! ಮೇಲಿನದಕ್ಕೆ ಹೆಚ್ಚು ಬಿದ್ದಿದೆಯೋ ಕೆಳಗಿನದಕ್ಕೋ ಅಂತ ಬಗ್ಗಿ ನೋಡುತ್ತ ನಿಂತಿದ್ದಾಗ ಆಫೀಸರು, "ಏನಮ್ಮಾ, ಪರೀಕ್ಷೆ ಬರೀತಿದೀರಾ?" ಅಂತ ಕೂಗಿದರು. ಮಡಿಚಿದ್ದೂ ಅಡ್ಡಡ್ಡ. ಆ ಓಟು ಯಾರಿಗೆ ಬಿತ್ತು, ಇಲ್ಲ ಕುಲಗೆಟ್ಟು ಕಸಕ್ಕೆ ಹೋಯಿತಾ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಕಳೆದ ಪಂಚಾಯ್ತಿ ಎಲೆಕ್ಷನ್ನಿನ ವಿಷಯ ಹೇಳಲು. ಆ ಸಲ ನಮ್ಮ ಮನೆಯಿಂದಲೇ ಒಬ್ಬರು ನಿಂತಿದ್ದರು. ನನ್ನ ಮೈದುನ ಮಂಜುನಾಥ. ಮಂಜು ನಲವತ್ತು ದಾಟಿದವನು, ಟೊಮೇಟೊ ಬೆಳೆಯುತ್ತಾನೆ, ಒಳ್ಳೆಯವನು, ಕೇಳಿದವರಿಗೆ ಇಲ್ಲ ಅನ್ನುವವನಲ್ಲ. ಆದರೆ ಯಾವ ಕೆಲಸವನ್ನೂ ಇವತ್ತು ಮಾಡುವವನೂ ಅಲ್ಲ. ನಮ್ಮ ಬೀದಿಗಳಿಗೆ ಒಬ್ಬರೇ ಮೆಂಬರು, ಎದುರಿಗೆ ನಿಂತವಳು ಕೆಳಗಿನ ಬೀದಿಯ ರತ್ನಮ್ಮ. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಪಂಚಾಯ್ತಿಯಲ್ಲಿ ಪಕ್ಷದ ಗುರುತಿಲ್ಲವಲ್ಲ, ಮಂಜುಗೆ ಆಟೋ ಚಿಹ್ನೆ ಸಿಕ್ಕಿತು, ರತ್ನಮ್ಮನಿಗೆ ಹೊಲಿಗೆ ಮೆಷೀನು.

ಮಂಜುವಿನ ಅಮ್ಮ, ಅಂದರೆ ನನ್ನ ಅತ್ತೆ, ಮುನಿವೆಂಕಟಮ್ಮನವರು. ಅವರದು ಶ್ರೀನಿವಾಸಪುರದ ಆಚೆ ರಾಯಲ್ಪಾಡಿನ ಕಡೆ ಹುಟ್ಟು. ಅರ್ಧ ಶತಮಾನ ಈ ಊರಲ್ಲಿ ಕನ್ನಡ ಮಾತಾಡಿದರೂ ಕೋಪ ಬಂದರೆ, ಪ್ರೀತಿ ಬಂದರೆ ತೆಲುಗು. ಮಾವ ತೀರಿಕೊಂಡ ಮೇಲೆ ಊರವರು ಕುಂಕುಮ ತೆಗೆಸಲು ಬಂದಾಗ, "ಹುಟ್ಟಿದಾಗಿಂದ ಇಟ್ಕೊಂಡಿದ್ದು, ಅವರು ತಂದಿದ್ದಾ?" ಅಂತ ಕೇಳಿ ಕಳಿಸಿದವರು. ಇವತ್ತಿಗೂ ಬೆಳಿಗ್ಗೆ ಸ್ನಾನವಾದ ಕೂಡಲೇ ಹಣೆಗೆ ಎಣ್ಣೆ ಸವರಿ, ಅದರ ಮೇಲೆ ದೊಡ್ಡದಾಗಿ, ದುಂಡಗೆ ಕುಂಕುಮ. ಕೈ ನಡುಗುತ್ತದೆ, ಲೋಟ ಹಿಡಿದರೆ ಕಾಫಿ ಚೆಲ್ಲುತ್ತದೆ, ಆದರೆ ಕುಂಕುಮ ಮಾತ್ರ ಅಳತೆ ಇಟ್ಟ ಹಾಗೆ ದುಂಡಗೆ. ಹೇಗೋ ಆ ದೇವರೇ ಬಲ್ಲ.

ಕೈ ನಡುಗುವವರು, ಕಣ್ಣು ಕಾಣದವರು ಓಟಿಗೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಅವರು ಹೇಳಿದ ಚಿಹ್ನೆಗೆ ಆ ಜೊತೆಯವರು ಸೀಲು ಒತ್ತಬೇಕು. ಈ ಕೆಲಸ ನನ್ನ ತಲೆಗೆ ಬಂತು. "ಅತ್ತಿಗೆ, ನೀವಾದ್ರೆ ನಂಗೆ ನೆಮ್ಮದಿ," ಅಂದ ಮಂಜು, "ಒಂದೊಂದು ಓಟೂ ಬೇಕು ಈ ಸಲ. ಅಮ್ಮನ ಓಟು ಗೆರೆ ಮೇಲೆ ಬೀಳಬಾರ್ದು. ಆಟೋ ನೋಡಿ ಸರಿಯಾಗಿ ಮಧ್ಯಕ್ಕೆ ಒತ್ತಿಬಿಡಿ." ನನ್ನ ಗೆರೆಯ ಕಥೆ ಮನೆಯವರಿಗೆಲ್ಲ ಗೊತ್ತಿತ್ತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು. ಒಂದು ಓಟಿನ ಭಾರಕ್ಕೇ ನಡುಗುವವಳ ಮೇಲೆ ಎರಡು ಓಟು. ಆಲೂಗಡ್ಡೆ ಅರ್ಧ ಮಾಡಿ ಸೀಲಿನ ಹಾಗೆ ಕೆತ್ತಿದೆ. ಹಳೆ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು ಆಟೋ, ಹೊಲಿಗೆ ಮೆಷೀನು ಬರೆದೆ. ನಾನು ಬರೆದ ಆಟೋ ನೋಡಿ ಮಗಳು "ಇದು ಆಮೆಯಾ?" ಅಂದಳು. ಮಗಳ ಪೇಂಟಿಗೆ ಅದ್ದಿ ಒತ್ತುವುದು, ಉದ್ದಕ್ಕೆ ಮಡಿಚುವುದು, ಅಡ್ಡಕ್ಕೆ ಮಡಿಚುವುದು, ಬಿಚ್ಚಿ ನೋಡುವುದು. ಲ್ಯಾಬಿನಿಂದ ಬಂದು ಕೈಕಾಲು ತೊಳೆದ ಕೂಡಲೇ ಇದೇ ಕೆಲಸ. ಅತ್ತೆ ಜಗಲಿಯಿಂದ ನೋಡಿ ನೋಡಿ, "ಏಮಮ್ಮಾ, ಪಲ್ಯ ಮಾಡೋ ಆಲೂಗಡ್ಡೇಲಿ ರಾಜ್ಯಭಾರ ಮಾಡ್ತಾ ಇದೀಯಲ್ಲ" ಅಂದರು.

"ನಿಮ್ಮ ಓಟು ಕೆಡಬಾರ್ದಲ್ಲ ಅತ್ತೆ."

"ನನ್ನ ಓಟು ಯಾಕೆ ಕೆಡ್ತದೆ? ಕೆಡೋದು ನಿನ್ನ ತಲೆ. ಊರುಕೋ, ಸುಮ್ನಿರು."

ಓಟಿನ ದಿನ ಬೆಳಿಗ್ಗೆ ನಾನು ಚೀಲದಲ್ಲಿ ಇಟ್ಟುಕೊಂಡದ್ದು ಇಬ್ಬರ ಓಟರ್ ಕಾರ್ಡು, ಆಧಾರ್ ಕಾರ್ಡು, ಮನೆಗೆ ಬಂದು ಕೊಟ್ಟುಹೋದ ಚೀಟಿ. ಸಾಲದು ಅನ್ನಿಸಿ ರೇಷನ್ ಕಾರ್ಡು, ಅದೂ ಸಾಲದು ಅನ್ನಿಸಿ ಅತ್ತೆಯ ಪಿಂಚಣಿ ಪಾಸ್‌ಬುಕ್ಕು. ಯಜಮಾನರು, "ಮನೆ ಪತ್ರಾನೂ ಇಟ್ಕೋ" ಅಂದರು. ಇಡಲಾ ಅಂತ ಒಂದು ಗಳಿಗೆ ನಿಜವಾಗಿ ಯೋಚಿಸಿದೆ. ಅತ್ತೆ ಮಾತ್ರ ನಿಧಾನಕ್ಕೆ ಸ್ನಾನ ಮಾಡಿ, ಹಸಿರು ಸೀರೆ ಉಟ್ಟು, ಹಣೆಗೆ ಎಣ್ಣೆ ಸವರಿ ಕುಂಕುಮ ಇಟ್ಟು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರು. ಆಟೋದಲ್ಲಿ ಹೋಗೋಣ ಅಂದರೆ ಕೇಳಲಿಲ್ಲ. "ನನ್ನ ಕಾಲೇನು ನಡುಗ್ತಾ ಇಲ್ಲ" ಅಂತ ಸ್ಕೂಲಿನವರೆಗೂ ನಡೆದರು, ನನ್ನ ತೋಳು ಹಿಡಿದು, ದಾರಿಯುದ್ದಕ್ಕೂ ಕಂಡ ಕಂಡವರ ಮನೆಯ ಮುಂದಿನ ಮೋರಿಗಳನ್ನು ಬೈಯುತ್ತ.

ಸ್ಕೂಲಿನ ಹತ್ತಿರ ಸುಣ್ಣದ ಗೆರೆ ಎಳೆದಿದ್ದರು, ಅದರಾಚೆಗೆ ಅಭ್ಯರ್ಥಿಗಳ ಕಡೆಯವರು. ಮಂಜು ಬಿಳಿ ಶರ್ಟು ಹಾಕಿ ಕೈಮುಗಿದುಕೊಂಡು ನಿಂತಿದ್ದ. ಹೆತ್ತ ತಾಯಿಗೂ ಅಭ್ಯಾಸಬಲದಿಂದ ಕೈಮುಗಿದು, ಆಮೇಲೆ ನಾಚಿಕೊಂಡು ಕೈ ಇಳಿಸಿದ. ಮುಖ ಬಾಡಿತ್ತು, ಸರಿಯಾಗಿ ನಿದ್ದೆ ಮಾಡಿದವನ ಹಾಗಿರಲಿಲ್ಲ. ಈ ಕಡೆ ರತ್ನಮ್ಮ, "ಚೆನ್ನಾಗಿದೀರಾ ದೊಡ್ಡಮ್ಮ? ಬಿಸಿಲಲ್ಲಿ ನಿಲ್ಬೇಡಿ, ವಯಸ್ಸಾದವರನ್ನ ಮುಂದೆ ಬಿಡ್ತಾರೆ, ಹೋಗಿ" ಅಂದಳು. ಓಟು ಕೇಳಲಿಲ್ಲ. ಅತ್ತೆ ಅವಳ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ.

ಒಳಗೆ ನನ್ನ ಓಟು ಮೊದಲು. ಹೆಸರು ಕೂಗಿದರು, ಎಡಗೈ ತೋರುಬೆರಳಿಗೆ ಮಸಿ ಹಚ್ಚಿದರು, ಸಹಿ ಮಾಡಿಸಿ ಚೀಟಿ ಕೊಟ್ಟರು. ಆಲೂಗಡ್ಡೆಯ ಪುಣ್ಯ, ಆಟೋದ ಸರಿಯಾಗಿ ನಡುವಿಗೆ ಒತ್ತಿದೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಡಬ್ಬಿಗೆ ಬಿದ್ದ ಮೇಲೆ ನನಗೆ ನನ್ನ ಮೇಲೇ ಹೆಮ್ಮೆ ಬಂತು. ಬಾಳಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದು ಮಾಡಿದ್ದು ನೆನಪಿಲ್ಲ.

ಆಮೇಲೆ ಅತ್ತೆಯದು. "ಕಣ್ಣು ಕಾಣಲ್ವಾ ಅಜ್ಜಿ?" ಅಂದರು ಆಫೀಸರು.

"ಕಣ್ಣು ಕಾಣ್ತದೆ ಸ್ವಾಮಿ, ಕೈ ನಿಲ್ಲಲ್ಲ" ಅಂತ ಅತ್ತೆ ಕೈ ಚಾಚಿ ತೋರಿಸಿದರು.

ಆಫೀಸರು ಆ ಕೈಯನ್ನೊಮ್ಮೆ ನೋಡಿ, ಒಂದು ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡರು. ಇವರು ಹೇಳಿದ ಹಾಗೇ ಒತ್ತುತ್ತೇನೆ, ಯಾರಿಗೆ ಒತ್ತಿದೆ ಅನ್ನುವುದನ್ನು ಯಾರಿಗೂ ಹೇಳುವುದಿಲ್ಲ ಅಂತ. ಮೈದುನನೇ ನಿಂತಿದ್ದಾನೆ, ಇದರಲ್ಲಿ ಗುಟ್ಟೇನು ಬಂತು ಅಂದುಕೊಂಡು ಸಹಿ ಹಾಕಿದೆ. ಈಗ ಬರೆದು ಹೇಳುತ್ತಿದ್ದೀಯಲ್ಲ ಅನ್ನಬೇಡಿ. ಅತ್ತೆಯನ್ನೇ ಕೇಳಿದ್ದೇನೆ. "ಬರ್ಕೋ, ನಾನೇನು ಕದ್ದಿದ್ನಾ?" ಅಂದರು.

ರಟ್ಟಿನ ಮರೆಯ ಹಿಂದೆ ಚೀಟಿ ಬಿಡಿಸಿ ಸೀಲು ಎತ್ತಿಕೊಂಡೆ. ಆಟೋದ ಮೇಲೆ ಬೆರಳಿಟ್ಟು, "ಇಲ್ಲಿದೆ ಅತ್ತೆ" ಅಂದೆ ಪಿಸುದನಿಯಲ್ಲಿ.

"ಮೆಷೀನ್ ಎಲ್ಲೈತೆ?"

"ಆಟೋ ಇದು ಅತ್ತೆ. ಇಲ್ನೋಡಿ."

"ಆಟೋ ತಗೊಂಡು ನಾನೇನು ಸಂತೆಗೆ ಹೋಗ್ಬೇಕಾ? ಹೊಲಿಗೆ ಮೆಷೀನ್ ಎಲ್ಲೈತೆ, ತೋರ್ಸು."

ಅತ್ತೆಗೆ ಗಲಿಬಿಲಿಯಾಗಿದೆ ಅಂದುಕೊಂಡೆ. "ಅತ್ತೆ, ಮೆಷೀನು ರತ್ನಮ್ಮಂದು. ನಮ್ಮ ಮಂಜು ಆಟೋ."

"ಗೊತ್ತು. ಹೆತ್ತೋಳು ನಾನು, ನೀನಲ್ಲ." ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮಗ ಬಂಗಾರ ಕಣಮ್ಮಾಯಿ. ಆದ್ರೆ ಮನೆ ಮುಂದಿನ ಮೋರಿ ಕಟ್ಕೊಂಡು ವರ್ಷ ಆಯ್ತು, ನಾಳೆ ನಾಳೆ ಅಂತಾನೆ. ಇನ್ನು ಊರ ಮೋರಿ ತೆಗೀತಾನಾ? ನೀರಿನ ಟ್ಯಾಂಕರ್ ಬಂದಾಗ ಮುದುಕೀರ ಬಿಂದಿಗೇನ ಮೊದ್ಲು ತುಂಬ್ಸೋಳು ಅವಳು. ನಾನು ನೋಡಿದೀನಿ. ಒತ್ತು."

"ಅಮ್ಮಾ, ಒಳಗೆ ಮಾತಾಡ್ಬಾರ್ದು, ಬೇಗ ಮುಗಿಸಿ" ಅಂತ ಆಫೀಸರ ಕೂಗು.

ಸೀಲು ಹಿಡಿದ ನನ್ನ ಕೈ ನಡುಗತೊಡಗಿತು. ಹೊರಗೆ ಮಂಜು ಕೈಮುಗಿದುಕೊಂಡು ನಿಂತಿದ್ದಾನೆ. 'ನೀವಾದ್ರೆ ನೆಮ್ಮದಿ' ಅಂದಿದ್ದಾನೆ. ಒಂದು ಗಳಿಗೆ ಕೆಟ್ಟ ಯೋಚನೆಯೂ ಬಂತು, ಯಾಕೆ ಸುಳ್ಳು ಹೇಳಲಿ. ಸೀಲು ನನ್ನ ಕೈಯಲ್ಲಿದೆ, ಆಟೋಗೇ ಒತ್ತಿಬಿಟ್ಟರೆ? ಅಷ್ಟರಲ್ಲಿ ಅತ್ತೆ ತಮ್ಮ ಕೈಯನ್ನು ನನ್ನ ಕೈಯ ಮೇಲೆ ಇಟ್ಟರು. ನಡುಗುವ ಎರಡು ಕೈ ಸೇರಿ ಹೇಗೆ ನೆಟ್ಟಗಾದವೋ ಗೊತ್ತಿಲ್ಲ, ಸೀಲು ಹೊಲಿಗೆ ಮೆಷೀನಿನ ನಟ್ಟನಡುವೆ ಕೂತಿತು.

ಉದ್ದಕ್ಕೆ ಮಡಿಚಿದೆ, ಅಡ್ಡಕ್ಕೆ ಮಡಿಚಿದೆ. ಕೈ ಒದ್ದೆಯಾಗಿತ್ತು, ಆದರೂ ಮಡಿಕೆ ಸರಿಯಾಗಿ ಬಂತು. ಡಬ್ಬಿಯ ಹತ್ತಿರ ಹೋದಾಗ ಅತ್ತೆ, "ತಾ ಇಲ್ಲಿ, ಹಾಕೋದು ನಾನೇ" ಅಂದರು. ಕೊಟ್ಟೆ. ಅತ್ತೆ ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ತೆಗೆದುಕೊಂಡವರ ಹಾಗೆ ಈ ಕಣ್ಣಿಗೊಮ್ಮೆ, ಆ ಕಣ್ಣಿಗೊಮ್ಮೆ ಒತ್ತಿಕೊಂಡು, ಕೊನೆಗೆ ಹಣೆಗೂ ಗಟ್ಟಿಯಾಗಿ ಒತ್ತಿಕೊಂಡರು. ನಮ್ಮ ಕಡೆ ಪುಸ್ತಕಕ್ಕೆ ಕಾಲು ತಗುಲಿದರೂ ಕಣ್ಣಿಗೊತ್ತಿಕೊಳ್ಳುತ್ತೇವೆ, ಹೊಸ ಸೀರೆ ಬಂದರೂ ಕಣ್ಣಿಗೊತ್ತಿಕೊಳ್ಳುತ್ತೇವೆ. ಓಟಿನ ಚೀಟಿಯನ್ನೂ ಒತ್ತಿಕೊಳ್ಳುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ. ಎಲ್ಲ ಅಭ್ಯಾಸ ಮಾಡಿದ್ದೆ, ಇದೊಂದನ್ನು ಬಿಟ್ಟು.

ಹಣೆಯಿಂದ ಚೀಟಿ ಇಳಿದಾಗ ಅದರ ಬೆನ್ನಿನ ಮೇಲೆ, ಆಫೀಸಿನ ಮೊಹರಿನ ಪಕ್ಕದಲ್ಲಿ, ಎಣ್ಣೆ ಬೆರೆತ ಕುಂಕುಮ ದುಂಡಗೆ ಕೂತಿತ್ತು. "ಅತ್ತೆ, ಅತ್ತೆ, ತಡೀರಿ!" ಅಂದೆ. ಅಷ್ಟರಲ್ಲಿ ಡಬ್ಬಿಯ ಬಾಯಿ ಅದನ್ನು ನುಂಗಿತ್ತು.

ಹೊರಗೆ ಬಂದಾಗ ಮಂಜು ಓಡಿ ಬಂದ. "ಸರಿಯಾಗಿ ಬಿತ್ತಾ ಅತ್ತಿಗೆ?"

"ಮಧ್ಯಕ್ಕೇ ಬಿತ್ತು" ಅಂದೆ. ಸುಳ್ಳಲ್ಲವಲ್ಲ.

ಎಣಿಕೆಗೆ ಇನ್ನೂ ಕೆಲವು ದಿನ ಇತ್ತು. ಆ ದಿನಗಳಲ್ಲಿ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಮಂಜುವೇ ಎಣಿಕೆಯ ಟೇಬಲ್ಲಿನ ಮುಂದೆ ಕೂತಿರುತ್ತಾನೆ. ಹುಟ್ಟಿದಾಗಿನಿಂದ ಎದ್ದ ಕೂಡಲೇ ನೋಡಿದ ಕುಂಕುಮ, ಅವನಿಗೆ ಗುರುತು ಸಿಗುವುದಿಲ್ಲವಾ? ಸ್ವಂತ ತಾಯಿಯೇ ಎದುರಾಳಿಗೆ ಹಾಕಿದ್ದು ಅಂತ ಗೊತ್ತಾದರೆ ಆ ಜೀವಕ್ಕೆ ಹೇಗಾಗಬೇಡ? ಒತ್ತಿದ ಕೈ ನನ್ನದು, ನಾಳೆ ಅವನ ಮುಖ ಹೇಗೆ ನೋಡಲಿ? ಯಜಮಾನರಿಗೆ ಹೇಳೋಣ ಅಂದರೆ ಸಹಿ ಹಾಕಿದ್ದೇನೆ. ಅವರು ಪಕ್ಕದಲ್ಲಿ ಗೊರಕೆ ಹೊಡೆಯುವಾಗ, ಎಬ್ಬಿಸಿ ಹೇಳಿಬಿಡಲಾ ಅಂತ ಬಾಯಿ ತೆರೆದು ಮುಚ್ಚಿದ್ದೇನೆ.

ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಸಾಲಿನಲ್ಲಿ ನಿಂತು ಹೆಂಗಸರ ಹಣೆಗಳನ್ನು ನೋಡತೊಡಗಿದೆ. ಇನ್ನೊಬ್ಬರಾದರೂ ಅತ್ತೆಯ ಹಾಗೆ ದೊಡ್ಡ ಕುಂಕುಮ ಇಡುವವರು ಇದ್ದರೆ, ಅದು ಅವರದೂ ಇರಬಹುದಲ್ಲ ಅಂತ ಆಸೆ. ಎಲ್ಲಿ! ಎಲ್ಲರೂ ಸ್ಟಿಕರ್. ಕೆಂಪು ಸ್ಟಿಕರ್, ಕರಿ ಸ್ಟಿಕರ್, ಕಲ್ಲಿನ ಸ್ಟಿಕರ್. ಎಂಬತ್ತು ದಾಟಿದ ಮುದುಕಿಯ ಹಣೆಯಲ್ಲೂ ಸ್ಟಿಕರ್. ಒಬ್ಬಾಕೆ, "ಏನಕ್ಕಾ, ನನ್ನ ಹಣೆ ಮೇಲೇನಾದ್ರೂ ಬರೆದೈತಾ?" ಅಂತ ಕೇಳಿಯೇಬಿಟ್ಟಳು.

ಅಷ್ಟು ಸಾಲದು ಅಂತ ಫೋನಿನಲ್ಲಿ ಹುಡುಕಿದೆ. ಓಟು ಹಾಕಿದವರು ಯಾರು ಅಂತ ಗೊತ್ತಾಗುವಂಥ ಗುರುತು ಚೀಟಿಯ ಮೇಲಿದ್ದರೆ ಆ ಓಟನ್ನು ತೆಗೆದುಹಾಕಬಹುದು ಅಂತ ಇತ್ತು. ಓದಿದ್ದನ್ನೇ ಮತ್ತೆರಡು ಸಲ ಓದಿದೆ. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ವಲ್ಪ ಸಮಾಧಾನವೂ ಆಯಿತು. ಓಟು ಕೆಟ್ಟರೆ ಮಂಜುಗೆ ನಷ್ಟವಿಲ್ಲವಲ್ಲ! ಮರುಗಳಿಗೆಗೆ, ಛೆ, ಅತ್ತೆ ಅಷ್ಟು ದೂರ ನಡೆದು ಹಾಕಿದ್ದು ಅನ್ನಿಸಿ ಸಂಕಟ. ಎರಡು ಕಡೆಯಿಂದಲೂ ಹೆದರಿಕೆಯೇ.

ತಡೆಯಲಾರದೆ ಒಂದು ಮಧ್ಯಾಹ್ನ ಅತ್ತೆಯ ಹತ್ತಿರ ಹೇಳಿದೆ. ಮುದ್ದೆ ಮುರಿಯುತ್ತ ಕೂತಿದ್ದರು. "ಅತ್ತೆ, ಚೀಟಿಗೆ ನಿಮ್ಮ ಕುಂಕುಮ ಹತ್ತಿದೆ. ಮಂಜುಗೆ ಗೊತ್ತಾಗಿಬಿಡುತ್ತೆ."

"ಗೊತ್ತಾಗ್ಲಿ ಬಿಡು. ನಾನೇ ಹೇಳ್ತಿದ್ದೆ ಎಣಿಕೆ ಆದ್ಮೇಲೆ."

"ಅಷ್ಟೇ ಅಲ್ಲ ಅತ್ತೆ. ಅದು ಗುರುತು ಅಂತ ತೆಗೆದುಹಾಕಿಬಿಡಬಹುದು. ಲೆಕ್ಕಕ್ಕೇ ಬರದೆ ಹೋಗಬಹುದು."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಕುಂಕುಮ ಹತ್ತಿದ್ರೆ ತೆಗೀತಾರಾ? ಕೆಸರಲ್ಲವಲ್ಲ ಅದು" ಅಂದರು. "ಗೊತ್ತಿಲ್ಲ ಅತ್ತೆ" ಅಂದೆ. ಅವರು ಊಟ ಅರ್ಧಕ್ಕೆ ಬಿಟ್ಟು ಎದ್ದರು. ಅತ್ತೆ ಊಟ ಬಿಟ್ಟದ್ದನ್ನು ನಾನು ನೋಡಿದ್ದು ಮಾವ ಹೋದಾಗ ಒಂದು ಸಲ, ಇದು ಎರಡನೆಯದು. ಅವತ್ತಿನಿಂದ ಅವರೂ ನನ್ನ ಹಾಗೇ ಆಗಿಬಿಟ್ಟರು. ಒಳಗೆ ಹೋಗುವುದು, ಹೊರಗೆ ಬರುವುದು, ಕೂತಲ್ಲಿ ಕೂರಲಾರರು. ನನ್ನ ಹೆದರಿಕೆ ನನ್ನ ಹತ್ತಿರವೇ ಇಟ್ಟುಕೊಳ್ಳಬಾರದಿತ್ತಾ ಅಂತ ತಲೆ ಚಚ್ಚಿಕೊಂಡೆ.

ಎಣಿಕೆಯ ದಿನ ಮಂಜು, ಯಜಮಾನರು ಬೆಳಿಗ್ಗೆಯೇ ಮಾಲೂರಿಗೆ ಹೋದರು. ನಾನು ಲ್ಯಾಬಿಗೆ ರಜೆ ಹಾಕಿದೆ. ಮಧ್ಯಾಹ್ನದ ಮೇಲೆ ಯಜಮಾನರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅತ್ತೆ ಜಗಲಿಯ ಮೇಲೆ ಕಂಬ ಹಿಡಿದು ಕೂತಿದ್ದರು, ನಾನು ಬಾಗಿಲಲ್ಲಿ. ಬಿಸಿಲು ಇಳಿಯುವ ಹೊತ್ತಿಗೆ ಕೆಳಗಿನ ಬೀದಿಯಲ್ಲಿ ಪಟಾಕಿ ಸಿಡಿದವು. ಒಂದು ಸರ ಮುಗಿದು ಇನ್ನೊಂದು. ರತ್ನಮ್ಮ ಗೆದ್ದಿದ್ದಳು.

ಸ್ವಲ್ಪ ಹೊತ್ತಿಗೆ ಅಣ್ಣ ತಮ್ಮ ಬಂದರು. ಯಜಮಾನರು ನನ್ನ ಕಡೆ ಒಂದು ಸಲ ನೋಡಿ ಚಪ್ಪಲಿ ಬಿಡುವ ನೆಪದಲ್ಲಿ ಪಕ್ಕಕ್ಕೆ ಸರಿದರು. ಮಂಜು ನೇರ ಬಂದು ಅತ್ತೆಯ ಕಾಲ ಹತ್ತಿರ, ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತ. ಬಿಳಿ ಶರ್ಟು ಬೆವರಿಗೆ ಬೆನ್ನಿಗಂಟಿತ್ತು.

"ಹೋಯ್ತಮ್ಮ" ಅಂದ. "ಒಂದೇ ಓಟಲ್ಲಿ."

ನಾನು ಬಾಗಿಲು ಹಿಡಿದುಕೊಂಡೆ.

"ಇಬ್ರಿಗೂ ಸಮಸಮ ಬಂದಿತ್ತು. ಒಂದೇ ಒಂದು ಚೀಟಿ ಅನುಮಾನ ಅಂತ ಪಕ್ಕಕ್ಕೆ ಇಟ್ಟಿದ್ರು, ಕೊನೇಲಿ ಅದನ್ನ ಕೈಗೆ ತಗೊಂಡ್ರು." ಮಂಜು ತಲೆ ಎತ್ತದೆ ಹೇಳಿದ. "ಅದರ ಹಿಂದುಗಡೆ ಕುಂಕುಮ ಇತ್ತು. ಒತ್ತಿದ್ದು ಹೊಲಿಗೆ ಮೆಷೀನಿಗೆ. ಆಫೀಸರು ನನ್ನ ಮುಂದೆ ಹಿಡಿದು, ಇದು ಬೇಕೂಂತ ಮಾಡಿದ ಗುರುತು ಅಂತ ನಿಮ್ಮ ತಕರಾರು ಏನಾದ್ರೂ ಇದೆಯಾ, ಇದ್ರೆ ಹೇಳಿ, ಯೋಚ್ನೆ ಮಾಡ್ಬೇಕಾಗುತ್ತೆ ಅಂದ್ರು. ಇದನ್ನ ತೆಗೆದುಹಾಕಿದ್ರೆ ಸಮಸಮಾನೇ ಉಳಿಯುತ್ತೆ, ಲಾಟರಿ ಎತ್ತಬೇಕಾಗುತ್ತೆ ಅಂತ ನಮ್ಮ ಕಡೆಯೋರೆಲ್ಲ ನನ್ನ ಭುಜ ಹಿಡ್ಕೊಂಡು ಅಲ್ಲಾಡಿಸ್ತಿದ್ರು, ತಕರಾರು ಅನ್ನು, ತಕರಾರು ಅನ್ನು ಅಂತ..."

"ಅದೆಲ್ಲ ಇರ್ಲಿ," ಅಂದರು ಅತ್ತೆ. ಕಂಬ ಬಿಟ್ಟು ಮುಂದಕ್ಕೆ ಬಗ್ಗಿದ್ದರು. ಆ ದನಿಯಲ್ಲಿ ಅಂಥ ಹೆದರಿಕೆಯನ್ನು ನಾನು ಯಾವತ್ತೂ ಕೇಳಿರಲಿಲ್ಲ. "ಎಣಿಸಿದ್ರಾ ಇಲ್ವಾ ಅದನ್ನ? ಅಷ್ಟು ಹೇಳು."

ಮಂಜು ಆಗ ತಲೆಯೆತ್ತಿ ಅಮ್ಮನ ಮುಖ ನೋಡಿದ.

"ಎಣಿಸಿದ್ರಮ್ಮ. ಬೇಡ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಎಣಿಸ್ಕೊಳ್ಳಿ ಸಾರ್ ಅಂದೆ."

ಅತ್ತೆ ಉಸಿರು ಬಿಟ್ಟರು. ಕೈ ಚಾಚಿ ಅವನ ಕೆನ್ನೆಯ ಬೆವರು ಒರೆಸಿದರು, ಕೈ ನಡುಗಿ ಅರ್ಧ ಒರೆಸಿತು, ಅರ್ಧ ಉಳಿಯಿತು. "ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?" ಅಂದರು.

ಅವನು ಇಲ್ಲ ಅಂತ ತಲೆಯಾಡಿಸಿದ.

"ವಿಮ್ಲಾ," ಅಂತ ನನ್ನ ಕಡೆ ತಿರುಗಿದರು, "ಮಗೂಗೆ ತಟ್ಟೆ ಹಾಕು."

ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತು ಚೆನ್ನಾಗಿ ಅತ್ತುಬಿಟ್ಟೆ. ಆಮೇಲೆ ಸಾರು ಬಿಸಿಗಿಟ್ಟೆ.